ಫಕೀರವ್ವನ ಮಾತು ಕೇಳಿಸಿಕೊಂಡ ಮೈಕು

ನಾನು ಒಂದು ಮೈಕು. ಹುಟ್ಟಿದ್ದು ದೂರದ ಯಾವುದೋ ಕಾರ್ಖಾನೆಯಲ್ಲಿ. ಬೆಲೆ ಬಂದದ್ದು ಜಿಲ್ಲಾ ಕೇಂದ್ರದ ಸುದ್ದಿವಾಹಿನಿಯೊಂದು ನನ್ನ ಕೊರಳಿಗೆ ತನ್ನ ಹೆಸರಿನ ಕೆಂಪು ಡಬ್ಬಿ ತೊಡಿಸಿದ ಮೇಲೆ. ವರದಿಗಾರ ರೇವಣಸಿದ್ದ ನನ್ನನ್ನು ಹಿಡಿದು ಹೋದಲ್ಲೆಲ್ಲ ಅಧಿಕಾರಿಗಳು ಎದ್ದು ನಿಲ್ಲುತ್ತಿದ್ದರು. ನನಗೂ ಜಂಬವಿತ್ತು.

ಒಂದು ಮಧ್ಯಾಹ್ನ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡ ಮಕ್ಕಳು ವಾಂತಿ ಮಾಡಿಕೊಂಡರು. ಪುಣ್ಯಕ್ಕೆ ಎಲ್ಲರೂ ಉಳಿದರು. ಅಡುಗೆಯ ಫಕೀರವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆ ಒಬ್ಬ ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತ ಕೂತಿದ್ದಳು. ರೇವಣಸಿದ್ದ ನನ್ನನ್ನು ಅವಳ ಬಾಯಿಗೊಡ್ಡಿ, ಅನ್ನಕ್ಕೆ ಏನು ಬೆರೆಸಿದೆ ಎಂದು ಕೇಳಿದ.

“ನಾ ಏನ್ ಬೆರಸ್ಲಿ, ತಮ್ಮಾ? ಅದ ಅನ್ನ ನಾನೂ ಉಂಡೀನಿ. ನೀರಿನ ಟಾಕಿ ನೋಡ್ರಿ, ವಾಸನಿ ಬರಾಕತ್ತಿ ಎಂಟ ದಿನಾ ಆತು.”

ಒಂದಕ್ಷರವೂ ಬಿಡದೆ ಹಿಡಿದುಕೊಟ್ಟೆ. ಸಂಜೆಯ ಸುದ್ದಿಯಲ್ಲಿ ಅವಳ ಮಾತೇ ಇರಲಿಲ್ಲ. ಅಳುವ ಮುಖವಿತ್ತು, ಕೆಳಗೆ ‘ವಿಷವಿಕ್ಕಿದ ಕೈ’ ಎಂಬ ಸಾಲಿತ್ತು. ಟಾಕಿ ತೋರಿಸಿದರೆ ಯಾರು ನೋಡುತ್ತಾರೆ ಎಂದರು ಸಂಪಾದಕರು. ರೇವಣಸಿದ್ದ ತಲೆ ತಗ್ಗಿಸಿದ. ಮರುದಿನ ಊರವರು ಅವಳ ಮನೆಯ ಹಂಚು ಒಡೆದರು. ಕೆಲಸವೂ ಹೋಯಿತು.

ಹನ್ನೆರಡು ದಿನಕ್ಕೆ ಪರೀಕ್ಷೆಯ ವರದಿ ಬಂತು. ಕೆಟ್ಟಿದ್ದು ಟಾಕಿಯ ನೀರು. ವಾಹಿನಿ ಅದರ ಸುದ್ದಿಯನ್ನೇ ಎತ್ತಲಿಲ್ಲ. ಫಕೀರವ್ವ ತಾನೇ ಕಚೇರಿಗೆ ಬಂದಳು.

“ಅವತ್ತ ನಾ ಕೇಳಲಾರದ ಮೈಕ ನನ್ನ ಬಾಯಿಗೆ ಹಿಡದ್ರಿ. ಇವತ್ತ ಕೇಳಾಕ ಬಂದೀನಿ, ಹಿಡೀರಿ.”

ಅದು ಹಳೆಯ ಸುದ್ದಿ ಎಂದರು ಸಂಪಾದಕರು. ನಾನು ಅದೇ ಮೇಜಿನ ಮೇಲೆ, ಅವಳಿಂದ ಒಂದು ಮೊಳ ದೂರದಲ್ಲಿ ಬಿದ್ದಿದ್ದೆ. ಆ ಒಂದು ಮೊಳವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ರೇವಣಸಿದ್ದ ಕೆಲಸ ಬಿಟ್ಟ. ಹೋಗುವಾಗ ನನ್ನ ಕೆಂಪು ಡಬ್ಬಿ ಕಿತ್ತು ಮೇಜಿನ ಮೇಲಿಟ್ಟು, ನನ್ನನ್ನು ಚೀಲಕ್ಕೆ ಹಾಕಿಕೊಂಡ. ಆ ಊರಿನ ಗ್ರಾಮಸಭೆಯಲ್ಲಿ ನನ್ನನ್ನು ಧ್ವನಿವರ್ಧಕಕ್ಕೆ ಜೋಡಿಸಿ ವರದಿಯನ್ನು ಪೂರ್ತಿ ಓದಿ, ತಪ್ಪು ತನ್ನದು ಎಂದ. ಹಿಂದೆ ನಿಂತಿದ್ದ ಫಕೀರವ್ವ ಕೇಳಿದ್ದು ಒಂದೇ:

“ಈ ಊರಿಗೆ ತಿಳೀತು. ಟೀವಿ ನೋಡಿದ ಮಂದಿಗೆ ಯಾರ ಹೇಳ್ತಾರ?”



ರೇವಣಸಿದ್ದ ನನ್ನನ್ನು ಆ ಶಾಲೆಗೇ ಕೊಟ್ಟ. ಈಗ ಮುದುಕನಾಗಿದ್ದೇನೆ, ವರ್ಷಕ್ಕೆರಡು ಸಲ ಧ್ವಜವಂದನೆಗೆ ಕೊರಕೊರ ಎನ್ನುತ್ತೇನೆ. ಶಾಲೆಯವರು ಕರೆದರೂ ಫಕೀರವ್ವ ಅಡುಗೆಗೆ ಮರಳಲಿಲ್ಲ. ಆದರೆ ಪ್ರತಿ ಸೋಮವಾರ ಬರುತ್ತಾಳೆ. ಸೆರಗು ಬಿಗಿದು ಏಣಿ ಹತ್ತಿ, ಟಾಕಿಯ ಮುಚ್ಚಳ ತೆಗೆದು ಮೂಸಿ ನೋಡಿ ಇಳಿಯುತ್ತಾಳೆ. ಅಂದು ಆ ಏಣಿ ಹತ್ತಬೇಕಾಗಿದ್ದವರು ನಾವು, ನಾನೂ ರೇವಣಸಿದ್ದನೂ.