ಐದು ಸಾವಿರದ ನಲವತ್ತು ಎಳೆ

ಕಂಚಿಯ ನಮ್ಮ ಬೀದಿಯಲ್ಲಿ ರೇಷ್ಮೆ ಸೀರೆಗೆ ಹಾಸು ಹೂಡಿದರೆ ಉದ್ದದ ಎಳೆಗಳು ಐದು ಸಾವಿರದ ನಲವತ್ತೇ ಇರಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಆ ನಲವತ್ತನ್ನು ಕಂಡರೆ ಆಗುತ್ತಿರಲಿಲ್ಲ.

“ಐದು ಸಾವಿರ ಸಾಲದಾ ಅತ್ತೆ?” ಅಂದೆ ಒಂದು ದಿನ.

“ಐದು ಸಾವಿರಾನ ಒಂಬತ್ತು ಬಣ್ಣದ ಪಟ್ಟೆಗೆ ಸಮನಾಗಿ ಹಂಚೇ ನೋಡೋಣ,” ಅಂದರು ವಡಿವಾಂಬಾಳ್ ಅತ್ತೆ.

ಇದ್ದಿಲು ಹಿಡಿದು ಗೋಡೆಯ ಮೇಲೆ ಭಾಗಿಸಿದೆ. ಐದು ಎಳೆ ಉಳಿದವು.

“ಈಗ ನಲವತ್ತು ಸೇರಿಸು.”

ಒಂಬತ್ತಕ್ಕೆ ಸರಿಹೋಯಿತು. ಏಳಕ್ಕೂ ಎಂಟಕ್ಕೂ ಸರಿಹೋಯಿತು. ಒಂದರಿಂದ ಹತ್ತರವರೆಗೆ ಎಷ್ಟು ಪಟ್ಟೆಗೆ ಹಂಚಿದರೂ ಒಂದೆಳೆ ಮಿಗಲಿಲ್ಲ. ಓದು ಬಾರದ ಅತ್ತೆ ಎಲೆಯಡಿಕೆ ಮೆಲ್ಲುತ್ತಿದ್ದರು. ಕರಿ ಗೀಚಿನ ಆ ಗೋಡೆಯ ಮುಂದೆ ನನ್ನ ಕೈಗಳು ತಾವಾಗೇ ಕೂಡಿಕೊಂಡವು.

ಆದರೂ ಸೋಲಲು ಮನಸ್ಸಿಲ್ಲ. ಹನ್ನೊಂದಕ್ಕೆ ಭಾಗಿಸಿದೆ. ಲೆಕ್ಕ ಸಿಕ್ಕಿಬಿದ್ದಿತು.

“ಯಾರಾದ್ರೂ ಹನ್ನೊಂದು ಪಟ್ಟೆ ಕೇಳಿದ್ರೆ ಏನ್ಮಾಡ್ತೀರಿ? ಎರಡು ಎಳೆ ಮಿಗುತ್ತಲ್ಲ.”

ಅತ್ತೆ ನಗಲೂ ಇಲ್ಲ. ಹೂಡಿಟ್ಟ ಹಾಸಿನಿಂದ ಎರಡು ಎಳೆ ಬಿಡಿಸಿ, ಒಂದನ್ನು ಎಡತುದಿಗೆ, ಇನ್ನೊಂದನ್ನು ಬಲತುದಿಗೆ ಸರಿಸಿದರು.

“ಸೀರೆಗೆ ಅಂಚು ಎಷ್ಟೇ, ಪೆದ್ದಿ?”