ಎದುರುಸಾಲು

"ಏಯ್, ಬಾಯಿ ಬಿಟ್ಟು ಹೇಳೇ ಮುಂಡೆ. ಸಾಹೇಬ್ರು ಕೇಳ್ತಿರೋದು ಕೇಳಿಸಲ್ವಾ? ನೇಗಿಲು ಮುಟ್ಟಿದೀಯೋ ಇಲ್ವೋ?"

ಧಣಿ ಜಗಲಿಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ, ಜಮೀನಿನ ತನಿಖೆಗೆಂದು ಬಂದ ಅಧಿಕಾರಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದ. ಸಾಲಕ್ಕ ಅಂಗಳದ ಬಿಸಿಲಲ್ಲಿ ನಿಂತಿದ್ದಳು. ಕಳೆ ಕೀಳುತ್ತಿದ್ದವಳನ್ನು ಹಾಗೇ ಎಬ್ಬಿಸಿ ಕರೆತಂದಿದ್ದರಿಂದ ಬೆರಳ ಸಂದಿಯ ಮಣ್ಣು ಒಣಗಿ ಬಿರಿಯುತ್ತಿತ್ತು.

ಆ ಪ್ರಶ್ನೆಯಲ್ಲಿ ಅವಳಿಗೆ ಕೇಳಿಸಿದ್ದು ಆರೋಪ. ಹೆಂಗಸು ನೇಗಿಲು ಮುಟ್ಟಿದರೆ ನೆಲ ಬರಡಾಗುತ್ತದೆ ಎಂದು ಈ ಧಣಿಯ ಅಪ್ಪ ಒಬ್ಬಳನ್ನು ಒದ್ದು ಹೊಲದಿಂದಾಚೆ ಹಾಕಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಯಾರೋ ತನ್ನ ಮೇಲೂ ಚಾಡಿ ಹೇಳಿದ್ದಾರೆ ಅಂದುಕೊಂಡಳು.

"ಇಲ್ಲ ಸ್ವಾಮಿ, ಒಂದಿನಾನೂ ಮುಟ್ಟಿಲ್ಲ. ಸತ್ತ ಗಂಡನ ಆಣೆಗೂ ಮುಟ್ಟಿಲ್ಲ. ಯಾವ ಬೋಳಿಮಗ ಹೇಳಿದ್ದು ನಿಮಗೆ?"

ಅಧಿಕಾರಿ ಬಾಯೊಳಗಿನ ಬಿಸ್ಕತ್ತು ನುಂಗಿ ಧಣಿಯ ಮುಖ ನೋಡಿದ. ಧಣಿ ತೊಡೆ ತಟ್ಟಿಕೊಂಡು ನಕ್ಕ.

"ಕೇಳಿದ್ರಲ್ಲ ಸಾಹೇಬ್ರೇ? ಆಣೆ ಇಟ್ಟು ಹೇಳ್ತಿದಾಳೆ."

"ನೋಡಮ್ಮ," ಅಂದ ಅಧಿಕಾರಿ, ಮಗುವಿಗೆ ತಿಳಿಹೇಳುವವನ ಹಾಗೆ. "ಗೇಣಿ ನೆಲ ಉಳ್ತಾ ಬಂದವನಿಗೇ ಸೇರಬೇಕು ಅಂತ ಹೊಸ ಕಾನೂನು. ನಿನ್ನ ಗಂಡ ಇದ್ದಾಗ ಅವನು ಉತ್ತ. ಅವನು ಹೋದ ಮೇಲೆ ಉತ್ತಿದ್ದು ಗಿಡ್ಡ. ಗಿಡ್ಡ ಯಾರ ಆಳು? ಧಣಿಗಳ ಆಳು. ನೀನಂತೂ ನೇಗಿಲೇ ಮುಟ್ಟಿಲ್ಲ ಅಂತೀಯ. ಇನ್ನು ನಿನಗೆ ಹೇಗೆ ಬರುತ್ತೆ?"

"ಬಿತ್ತಿದ್ದು ನಾನು. ಕಳೆ ತೆಗೆದಿದ್ದು, ಕೊಯ್ದಿದ್ದು, ಹೊತ್ತಿದ್ದು ನಾನು."

"ಅದೆಲ್ಲ ಉಳುಮೆ ಅಲ್ಲವಲ್ಲ."

"ಹೋಗೇ ಹೋಗು," ಅಂದ ಧಣಿ. "ಕಾನೂನು ಮಾಡಿದ್ದು ನಾನಲ್ಲ. ನಿನ್ನ ಓರಗಿತ್ತಿ. ಅವಳನ್ನೇ ಕೇಳು."

ಸಾಲಕ್ಕ ಎಂಬ ಹೆಸರು ಸಾಲ ಮಾಡಿ ಬಂದದ್ದಲ್ಲ, ಸಾಲು ಹಿಡಿದು ಬಂದದ್ದು. ಕಳೆ ಕೀಳುವ ಹೆಂಗಸರ ಗುಂಪಿನಲ್ಲಿ ಮೊದಲ ಸಾಲು ಅವಳದು. ಅವಳ ಕೈ ಓಡಿದಷ್ಟು ಉಳಿದವರ ಕೈ ಓಡಬೇಕು. ಅವಳ ಓರಗಿತ್ತಿ, ಮೈದುನನ ಹೆಂಡತಿ, ಯಾವಾಗಲೂ ಕೊನೆಯ ಸಾಲಿನವಳು. ಪೈರಿನಂತೆಯೇ ಕಾಣುವ ಒಂದು ಕಳೆಯಿದೆ. ಬುಡ ಬಿಡಿಸಿ ನೋಡಿದರೆ ಮಾತ್ರ ಅದರ ಕಾಂಡದಲ್ಲಿ ತೆಳುವಾದ ಕೆಂಪು ಕಾಣುತ್ತದೆ. ಓರಗಿತ್ತಿ ಬುಡ ನೋಡುತ್ತಿರಲಿಲ್ಲ. ಕಳೆಯನ್ನು ಬಿಟ್ಟು ಪೈರನ್ನು ಕಿತ್ತು, ಮತ್ತೆ ಗುಟ್ಟಾಗಿ ನೆಡುತ್ತಿದ್ದಳು. "ಮೈದುನ ನನಗೆ ಓರಗಿತ್ತೀನ ತಂದನೋ, ಹೊಲಕ್ಕೆ ಮೇಕೇನ ತಂದನೋ" ಎಂದು ಸಾಲಕ್ಕ ಎಲ್ಲರನ್ನೂ ನಗಿಸುತ್ತಿದ್ದಳು.

ಆದರೆ ತನ್ನ ಸಾಲು ಮುಗಿದ ಮೇಲೆ ಸಾಲಕ್ಕ ಬದುವಿನ ಮೇಲೆ ಕೂತವಳಲ್ಲ. ಓರಗಿತ್ತಿಯ ಸಾಲಿನ ಆ ತುದಿಗೆ ಹೋಗಿ, ಅಲ್ಲಿಂದ ಕೀಳುತ್ತಾ ಈ ಕಡೆ ಬರುತ್ತಿದ್ದಳು. ಅದಕ್ಕೆ ಎದುರುಸಾಲು ಅನ್ನುತ್ತಿದ್ದರು. ಮುಗಿಸಿದವರು ಹಿಂದುಳಿದವರಿಗೆ ಎದುರುಸಾಲು ಕೊಡಬೇಕು. ನಡುವೆ ಎಲ್ಲೋ ಇಬ್ಬರ ಕೈ ತಗಲಿದಾಗ ಇಬ್ಬರೂ ಒಟ್ಟಿಗೇ ಸೊಂಟ ನೆಟ್ಟಗೆ ಮಾಡಬೇಕು.

ಚುನಾವಣೆಗೆ ಕೂಲಿಯವರ ಪೈಕಿ ಒಬ್ಬ ಹೆಂಗಸು ಬೇಕು ಎಂದು ಪಕ್ಷದವರು ಬಂದಾಗ ಮೊದಲ ಸಾಲಿನತ್ತ ಅವರು ತಿರುಗಿಯೂ ನೋಡಲಿಲ್ಲ. ಓದು ಬಲ್ಲವಳು ಯಾರು ಎಂದು ಕೇಳಿದರು. ಓರಗಿತ್ತಿ ಕೊನೆಯ ಸಾಲಿನಿಂದ ಎದ್ದು, ಕೈ ಒರೆಸಿಕೊಂಡು ಹೋದಳು. ಊರೂರಿಗೆ ಅವಳನ್ನು ಹೊತ್ತು ತಿರುಗಿದ್ದು ಧಣಿಯ ಗಾಡಿ. ಗೆದ್ದು ಶಾಸಕಿಯಾದಳು. ಈಗ ಅವಳದೇ ಬಿಳಿ ಕಾರು ಇತ್ತು, ಮಡಿಕೆ ಕೆಡದ ಸೀರೆ ಇತ್ತು, ಹಿಂದೆ ಚೀಲ ಹಿಡಿಯುವವನಿದ್ದ. ಕಾರು ಎದುರಾದರೆ ಸಾಲಕ್ಕ ಬೇಲಿಯ ಕಡೆ ಮುಖ ಮಾಡಿ, ಇಲ್ಲದ ಮುಳ್ಳನ್ನು ಕಾಲಿನಿಂದ ತೆಗೆಯುತ್ತಿದ್ದಳು.

ತನಿಖೆಯ ಸುದ್ದಿ ಮುಟ್ಟಿದ್ದೇ ಓರಗಿತ್ತಿ ಬಂದಳು. ಗುಡಿಸಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಒಳಗೆ ಬಂದು, ನೆಲದ ಮೇಲೆ ಕೂತಳು.

"ಅಕ್ಕಾ, ಯಾಕೆ ಮುಟ್ಟಿಲ್ಲ ಅಂದೆ? ಮುಟ್ಟಿದೀನಿ ಅಂದಿದ್ರೆ ಆಗ್ತಿತ್ತಲ್ಲ."

"ಸುಳ್ಳು ಹೇಳೋಕೆ ನಾನೇನು ಶಾಸಕೀನಾ?"

ಸಾಲಕ್ಕ ಅವಳ ಕೈ ನೋಡಿದಳು. ಉಗುರ ಸಂದಿಯಲ್ಲಿ ಮಣ್ಣಿರಲಿಲ್ಲ. ಅದನ್ನು ನೋಡಿ ಮತ್ತಷ್ಟು ಉರಿಯಿತು.

"'ಉಳುವವನು' ಅಂತ ಬರೆಸಿದೆಯಲ್ಲೇ, ನೀನು ಯಾವತ್ತು ಉತ್ತಿದ್ದೆ? ನಿನ್ನ ಕೈಯೇ ನಿನಗೆ ಮರೆತು ಹೋಯ್ತಾ?"

"ಆ ಮಾತು ಕೇಳೋಕೆ ದೊಡ್ಡದಾಗಿತ್ತು ಅಕ್ಕಾ. ಎಲ್ಲರೂ ಮೇಜು ತಟ್ಟಿದ್ರು. ನಾನೂ ತಟ್ಟಿದೆ."

"ಬುಡ ನೋಡ್ಲಿಲ್ಲ."

"ನೋಡ್ಲಿಲ್ಲ."

"ಕಳೆ ಅಂತ ಪೈರು ಕಿತ್ತೆ. ಅಲ್ಲೂ ಅದೇ ಮೇಕೆ ಬುದ್ಧಿ."

"ತಿದ್ದುಪಡಿ ತರ್ತೀನಿ. 'ಉಳುವವನು' ತೆಗೆದು 'ಗೇಯುವವರು' ಅಂತ ಹಾಕಿಸ್ತೀನಿ. ಒಂದೇ ಒಂದು ಪದ. ನನ್ನನ್ನ ನಂಬು."

"ಹೋಗು ತಾಯಿ. ಸೀರೆಗೆ ಮಣ್ಣಾದೀತು."

ಆ ಒಂದು ಪದದ ಗತಿಯನ್ನು ಊರಿನ ಹೆಂಗಸರು ಚಹಾದಂಗಡಿಯ ಟಿವಿಯಲ್ಲಿ ನೋಡಿದರು. ಸಾಲಕ್ಕ ನೋಡುವುದಿಲ್ಲ ಅಂದವಳು, ಕಂಬದ ಮರೆಯಲ್ಲಿ ನಿಂತು ನೋಡಿದಳು. ಓರಗಿತ್ತಿ ಎದ್ದು ನಿಂತಿದ್ದಳು. "ಬಿತ್ತಿದವಳು ಅವಳು, ಕಳೆ ತೆಗೆದವಳು ಅವಳು, ಕೊಯ್ದವಳು, ಹೊತ್ತವಳು ಅವಳು" ಎಂದಳು. ಸಾಲಕ್ಕ ಕಂಬವನ್ನು ಉಗುರಿನಿಂದ ಕೆರೆದಳು. ಅವು ತನ್ನ ಮಾತುಗಳು. ತನ್ನ ಬಾಯಲ್ಲಿ ಬಂದಾಗ ಅಂಗಳದಲ್ಲೇ ಬಿದ್ದು ಹೋದವು. ಅವಳ ಬಾಯಲ್ಲಿ ಬಂದಾಗ ದೇಶವೇ ಕೇಳುತ್ತಿದೆ.

ಟಿವಿಯಲ್ಲಿ ದಪ್ಪ ಮೀಸೆಯ ಸದಸ್ಯನೊಬ್ಬ ಎದ್ದ. "ಕಳೆ ಕಿತ್ತವರಿಗೆಲ್ಲ ನೆಲ ಕೊಡೋದಾದ್ರೆ, ನಮ್ಮ ಮನೇಲಿ ತಲೆ ಬಾಚಿ ಹೇನು ತೆಗೆಯೋಳು ನನ್ನ ತಲೇನೇ ಕೇಳ್ತಾಳೆ ಸ್ವಾಮಿ!" ಸಭೆ ಬಿದ್ದು ಬಿದ್ದು ನಕ್ಕಿತು. "ನೇಗಿಲು ಹಿಡಿದ ಹೆಂಗಸನ್ನ ಒಬ್ಬಳನ್ನ ತೋರಿಸಿ ಮೇಡಂ, ನಾನೇ ಕೈ ಎತ್ತುತ್ತೀನಿ." ಮತ್ತೆ ನಗು. ಓರಗಿತ್ತಿಯ ತುಟಿ ಅಲ್ಲಾಡುತ್ತಿತ್ತು, ದನಿ ಕೇಳಿಸುತ್ತಿರಲಿಲ್ಲ. ತಿದ್ದುಪಡಿ ಮುಂದಿನ ಅಧಿವೇಶನಕ್ಕೆ ಹೋಯಿತು.

"ಪಾಪ, ಎಷ್ಟು ಚೆನ್ನಾಗಿ ಮಾತಾಡಿದ್ಳು ನಿನ್ನ ಓರಗಿತ್ತಿ," ಅಂದಳು ಪಕ್ಕದ ಮನೆಯವಳು.

"ಥೂ," ಅಂದಳು ಸಾಲಕ್ಕ. "ನಗಿಸಿಕೊಳ್ಳೋದಕ್ಕೂ ಒಂದು ಯೋಗ್ಯತೆ ಬೇಕು ನೋಡು. ನನ್ನನ್ನ ನೋಡಿ ನಗೋಕೂ ಅಲ್ಲಿ ಯಾರೂ ಇಲ್ಲ."

ಧಣಿ ಮುಂದಿನ ಅಧಿವೇಶನದವರೆಗೆ ಕಾಯಲಿಲ್ಲ. ಕೊಯ್ಲಾದ ಮೇಲೆ, ಒಂದು ಮಳೆ ಬಿದ್ದು ನೆಲ ಹದಕ್ಕೆ ಬಂದ ಬೆಳಿಗ್ಗೆ, ಗಿಡ್ಡ ಜೋಡಿ ಎತ್ತು ಹೊಡೆದುಕೊಂಡು ಸಾಲಕ್ಕನ ಹೊಲಕ್ಕೆ ಇಳಿದ. ಬದುವಿನ ಮೇಲೆ ಧಣಿ, ಅಧಿಕಾರಿ, ಲಾಠಿ ಹಿಡಿದ ಇಬ್ಬರು ಪೊಲೀಸರು. ಈ ದಿನ ಗಿಡ್ಡನ ನೇಗಿಲ ಗುಳ ಹೊಲದ ಉದ್ದಕ್ಕೂ ಹೋದರೆ ಧಣಿ ಅದನ್ನು ಸ್ವಂತ ಉಳುಮೆ ಎಂದು ತೋರಿಸುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕಳೆಯ ಗುಂಪಿನ ಹೆಂಗಸರು ದೂರದಲ್ಲಿ ಕೈ ಕಟ್ಟಿ ನಿಂತಿದ್ದರು. ಅವರಲ್ಲೊಬ್ಬಳು ಓರಗಿತ್ತಿಗೆ ಫೋನು ಮಾಡಿದ್ದಳು. ಬಿಳಿ ಕಾರು ಧೂಳೆಬ್ಬಿಸಿ ಬಂದು ಹೊಲದ ಆ ತುದಿಯ ರಸ್ತೆಯಲ್ಲಿ ನಿಂತಿತು.

ಓರಗಿತ್ತಿ ಇಳಿದಳು. ಅವಳ ಹಿಂದೆ ಕ್ಯಾಮರಾದವನೂ ಇಳಿದ.

ಅದನ್ನು ಕಂಡದ್ದೇ ಸಾಲಕ್ಕನ ತಲೆಗೆ ಏನೋ ಏರಿತು. ಇವಳು ಈಗ ಬಂದು ನೇಗಿಲಿಗೆ ಅಡ್ಡ ನಿಲ್ಲುತ್ತಾಳೆ, ಫೋಟೋ ಬರುತ್ತದೆ, ನನ್ನ ಹೊಲವೂ ಇವಳ ಹೆಸರಿಗೇ ಹೋಗುತ್ತದೆ. ಆಗಲ್ಲ. ಅವಳು ಸೆರಗು ಸೊಂಟಕ್ಕೆ ಬಿಗಿದು ಹೊಲದೊಳಕ್ಕೆ ನುಗ್ಗಿದಳು.

"ಬಿಡೋ ಗಿಡ್ಡ."

"ಅಕ್ಕಾ, ಬ್ಯಾಡ, ಧಣಿ ನನ್ನನ್ನ ಸಿಗಿದು ಹಾಕ್ತಾರೆ."

"ಬಿಡೋ ಅಂದ್ರೆ!"

ಗಿಡ್ಡ ಧಣಿಯ ಕಡೆ ನೋಡಿದ, ಅವಳ ಕಡೆ ನೋಡಿದ, ಕೈ ಬಿಟ್ಟ. ಬಿಡುವ ಮುಂಚೆ ಮೆಲ್ಲಗೆ, "ಜಾಸ್ತಿ ಒತ್ತಬ್ಯಾಡ" ಅಂದ.

"ಏ ಸೂಳೆಮುಂಡೆ!" ಧಣಿ ಬದುವಿನಿಂದ ಕೂಗಿದ. "ನೇಗಿಲು ಬಿಡೇ! ನೆಲ ಬಂಜೆಯಾಗುತ್ತೆ!"

"ಆಗ್ಲಿ! ಆಮೇಲೆ ಯಾರೂ ಕೇಳಲ್ಲ, ನಾನೇ ಇಟ್ಕೋತೀನಿ!"

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಎತ್ತುಗಳು ಹೊರಟವು. ಗುಳ ಮೊದಲು ಮೇಲ್ಮಣ್ಣನ್ನು ಕೆರೆಯಿತು, ಆಮೇಲೆ ಎಡಕ್ಕೆ ಹಾರಿತು, ಆಮೇಲೆ ಕಚ್ಚಿತು. ಕಪ್ಪು ಹಸಿಮಣ್ಣು ಮಗ್ಗುಲಾಗಿ, ಕತ್ತರಿಸಿದ ಎರೆಹುಳು ಬಿಸಿಲಿಗೆ ಬಿದ್ದು ಹೊರಳಿತು. ಗೆರೆ ಸೊಟ್ಟಂಪಟ್ಟ ಓಡುತ್ತಿತ್ತು. ಪೊಲೀಸನೊಬ್ಬ ಹೊಲಕ್ಕೆ ಇಳಿದ.

"ಸಾಹೇಬ್ರೇ, ಈಗ ಕೇಳ್ರೀ!" ಸಾಲಕ್ಕ ತಿರುಗದೆಯೇ ಕೂಗಿದಳು. "ಮುಟ್ಟಿದೀಯಾ ಅಂತ ಈಗ ಕೇಳ್ರೀ!"

ಆ ತುದಿಯಿಂದ ಓರಗಿತ್ತಿ ಓಡಿ ಬರತೊಡಗಿದ್ದಳು. "ಅಕ್ಕಾ, ನಾನೂ ಹಿಡೀತೀನಿ!"

"ಮುಟ್ಟಿದ್ರೆ ಕೈ ಮುರೀತೀನಿ!" ಸಾಲಕ್ಕನ ದನಿ ಸೀಳಿತು. "ಇದು ನನ್ನ ಸಾಲು. ನಿನಗೆ ಬೇಕಾದ್ರೆ ಆ ತುದಿಯಿಂದ ನಿಂದು ಹಿಡಿ. ಎದುರುಸಾಲು ಕೊಡೋದು ಗೊತ್ತಿಲ್ವಾ ನಿನಗೆ? ನಾನು ಎಷ್ಟು ಕೊಟ್ಟಿಲ್ಲ?"

ಓರಗಿತ್ತಿ ನಿಂತಳು.

"ಮೇಡಂ," ಬದುವಿನಿಂದ ಧಣಿಯ ದನಿ ಬಂತು, ಈಗ ತಣ್ಣಗೆ. "ಹೊಲಕ್ಕೆ ಕೈ ಹಾಕೋ ಮುಂಚೆ ಯೋಚನೆ ಮಾಡಿ. ಯಾರ ಗಾಡೀಲಿ ಓಟು ಕೇಳಿದ್ರಿ, ನೆನಪಿದೆಯಲ್ಲ?"

ಪೊಲೀಸನ ಬೂಟು ಹಸಿಮಣ್ಣಿನಲ್ಲಿ ಹೂತುಕೊಂಡು ಪಚಪಚ ಸದ್ದು ಮಾಡುತ್ತಾ ಹತ್ತಿರವಾಗುತ್ತಿತ್ತು. ಸಾಲಕ್ಕ ಹಿಡಿ ಬಿಡಲಿಲ್ಲ. ಎದುರಿಗೆ, ಹೊಲದ ಆ ತುದಿಯಲ್ಲಿ, ಓರಗಿತ್ತಿ ಬಗ್ಗಿದ್ದು ಕಾಣಿಸಿತು. ನೆಲಕ್ಕೆ ಕೈ ಹಾಕಲು ಬಗ್ಗಿದಳೋ, ಕಳಚಿದ ಚಪ್ಪಲಿ ಎತ್ತಿಕೊಂಡು ಕಾರಿಗೆ ಮರಳಲು ಬಗ್ಗಿದಳೋ, ಕಣ್ಣಿಗೆ ಹೊಡೆಯುತ್ತಿದ್ದ ಬಿಸಿಲಲ್ಲಿ ಗೊತ್ತಾಗಲಿಲ್ಲ. ಸಾಲಕ್ಕ ಎತ್ತುಗಳನ್ನು ಅತ್ತಲೇ ಹೊಡೆದಳು.