ಹೊಳಪು ಕೂರದ ನೆಲ

“ನಿಮ್ಮಲ್ಲಿ ಯಾರಾದ್ರೂ ಕುಡಿದು ಬಂದಿದ್ರಾ? ನಿಜ ಹೇಳಿ. ನಾನೇನೂ ಬೈಯೋದಿಲ್ಲ.”

ಮಿಸೆಸ್ ಲೋರಿಂಗ್ ಎಂದೂ ಯಾರನ್ನೂ ಬೈದವರಲ್ಲ. ಬೈಯದೆಯೇ ಮನುಷ್ಯನನ್ನು ಒರೆಸುಬಟ್ಟೆ ಮಾಡುವ ವಿದ್ಯೆ ಅವರ ಮನೆತನಕ್ಕೆ ಮುನ್ನೂರು ವರ್ಷಗಳಿಂದ ಕರಗತ. ರೇಷ್ಮೆ ಗೌನು ತೊಟ್ಟು ನಡುಮನೆಯ ಬಾಗಿಲಲ್ಲಿ ನಿಂತು ನೆಲ ತೋರಿಸಿದರು. ನಾನೂ ಖಿಯೆಮಣ್ಣನೂ ಉಜ್ಜಿ, ನಿನ್ನೆ ವಾರ್ನಿಶ್ ಬಳಿದಿದ್ದ ಓಕ್ ಮರದ ನೆಲ. ಕಿಟಕಿಯ ಕಡೆ ಕನ್ನಡಿಯ ಹೊಳಪು. ಮನೆ ಬೆಚ್ಚಗಿಡಲು ನೆಲದಲ್ಲಿ ಕೊರೆದ ಬಿಸಿಗಾಳಿಯ ಕಿಂಡಿಗಳ ಸುತ್ತ ಬ್ರಷ್ ಎಳೆದ ಗೆರೆಗಳು ಹಾಗ್ಹಾಗೇ ಹೆಪ್ಪುಗಟ್ಟಿದ್ದವು. ಮೆಟ್ಟಿಲಿನಿಂದ ಅಡುಗೆಮನೆಯವರೆಗೆ ಮಂಕು ಕಲೆಗಳ ಸಾಲು.

ಅವರ ಕೈಯಲ್ಲಿ ಇಂಟರ್ನೆಟ್ಟಿನಿಂದ ತೆಗೆದ ಒಂದು ಹಾಳೆಯಿತ್ತು. ನೆಲದ ಹೊಳಪು ಸಮವಾಗಿ ಕೂರದಿರಲು ಹನ್ನೆರಡು ಕಾರಣಗಳು. ಒಂದೊಂದನ್ನೇ ಓದಿದರು. ಸರಿಯಾಗಿ ಉಜ್ಜಿಲ್ಲ, ಧೂಳು ತೆಗೆದಿಲ್ಲ, ಡಬ್ಬಿ ಕಲಕಿಲ್ಲ, ಬ್ರಷ್ ಅಗ್ಗದ್ದು... ಹನ್ನೆರಡೂ ಬಂದು ನಮ್ಮಿಬ್ಬರ ತಲೆಯ ಮೇಲೇ ಕೂತವು. ಓದಿಕೊಂಡವರು ಮಾಡಿದ ಪಟ್ಟಿ, ತಪ್ಪಿರುವುದುಂಟೆ?

“ಏನಂತಾಳ್ಲಾ?” ಅಂದ ಖಿಯೆಮಣ್ಣ. ಬಾಸ್ಟನ್ನಿಗೆ ಬಂದು ಇಪ್ಪತ್ತಾರು ವರ್ಷವಾದರೂ ಅವನ ಇಂಗ್ಲಿಷು ನಾಲ್ಕೇ ಮಾತಿನದು. ನಮ್ಮ ವಿಯೆಟ್ನಾಮಿ ಕೇರಿ ದಾಟಿದರೆ ನಾನೇ ಅವನ ನಾಲಿಗೆ.

“ಕುಡ್ಕಂಡ್ ಬಳಿದಿದ್ದೀಯ ಅಂತಾವ್ಳೆ.”

“ಕುಡಿದಿದ್ರೆ ಗೆರೆ ಸೊಟ್ಟಗಿರ್ತಿದ್ವು. ನೋಡು ಅನ್ನು, ಎಂಗೆ ನೆಟ್ಟಗವೆ.”

ಅದನ್ನು ನಾನು ಅನುವಾದಿಸಲಿಲ್ಲ.

ಖಿಯೆಮಣ್ಣ ಕೆಲಸದ ದೀಪವನ್ನು ನೆಲಕ್ಕೇ ಒರಗಿಸಿಟ್ಟು, ಬಾಗಿಲಲ್ಲೇ ಬೋರಲು ಮಲಗಿ, ಕೆನ್ನೆಯನ್ನು ಮರದ ಮಟ್ಟಕ್ಕೆ ತಂದ. ಅಡ್ಡ ಬೆಳಕಿನಲ್ಲಿ ನೆಲ ಏನನ್ನೂ ಮುಚ್ಚಿಡಲಾರದು. ಅಂಗೈಯಿಂದ ಸವರಿದ, ಉಗುರಿನಿಂದ ಒತ್ತಿದ, ಮೂಸಿದ.

“ಬಿಸಿಗಾಳಿ ಆರಿಸಿ ಹೋಗಿದ್ವು ನಾವು. ಆಮ್ಯಾಕೆ ಯಾರೋ ತಿರುಗಾ ಹಚ್ಚವ್ರೆ. ಕಿಂಡಿತಾವ ಬಳಿದದ್ದು ಮಟ್ಟಸ ಆಗೋಕ್ಮುಂಚೆ ಒಣಗೋಗದೆ. ಇನ್ನು ಈ ಮಂಕು ಕಲೆ ಅವಲ್ಲ, ಇವು ಪಾದ ಕಣ್ಲಾ. ಬರಿಗಾಲು. ಹೋಗಿರೋದು ಒಂದ್ಸಾಲು, ಬಂದಿರೋದು ಒಂದ್ಸಾಲು.”

ಇದನ್ನು ಅನುವಾದಿಸಿದೆ. ಮಿಸೆಸ್ ಲೋರಿಂಗ್ ಅವರ ಮುಖ ಅರಳಿತು.

“ನೋಡಿ, ನೀವೇ ಒಪ್ಕೊಂಡ್ರಿ. ಬರಿಗಾಲಲ್ಲಿ ಓಡಾಡೋದು ನಿಮ್ಮ ಕಡೆ ರೂಢಿ ಅಂತ ಗೊತ್ತು. ಆ ಸಂಸ್ಕೃತಿ ಬಗ್ಗೆ ನನಗೆ ತುಂಬಾ ಗೌರವ. ಆದ್ರೆ ನನ್ನ ನೆಲದ ಮೇಲೆ ಬೇಡ.”

ಖಿಯೆಮಣ್ಣ ಎದ್ದು ಕೂತು ಬಲಗಾಲಿನ ಬೂಟು, ಕಾಲುಚೀಲ ಕಳಚಿದ. ಪಾದವನ್ನು ಕಲೆಯ ಪಕ್ಕಕ್ಕೆ ಹಿಡಿದ. ಕಲೆಗೆ ಐದು ಬೆರಳು, ಅವನಿಗೆ ಮೂರು. ಉಳಿದೆರಡನ್ನು ನೆಲ ಉಜ್ಜುವ ಯಂತ್ರ ಇಂಥದೇ ಯಾರದೋ ನಡುಮನೆಯಲ್ಲಿ ತಿಂದಿತ್ತು. ನಾನೂ ಬೂಟು ಬಿಚ್ಚಿದೆ. ನನ್ನ ಪಾದದ ಮುಂದೆ ಆ ಕಲೆ ಮಗುವಿನದರಂತಿತ್ತು. ಮೂವರ ಕಣ್ಣೂ ಒಟ್ಟಿಗೆ ಗೌನಿನ ಅಂಚಿನ ಕೆಳಗೆ ಇಳಿದವು. ಗುಲಾಬಿ ಉಗುರಿನ, ಪುಟ್ಟ, ಹತ್ತಕ್ಕೆ ಹತ್ತೂ ಬೆರಳಿನ ಪಾದಗಳು.

“ಯಾರ ಪಾದ ಅನ್ನೋದಲ್ಲ ಪ್ರಶ್ನೆ,” ಎಂದರು ಮಿಸೆಸ್ ಲೋರಿಂಗ್. “ಸಾರು ನೋಡೋಕೆ ನಾನು ಇಳಿದು ಬರ್ಲೇಬೇಕಲ್ವಾ? ನೀವು ಮುಂದಾಲೋಚನೆ ಮಾಡ್ಬೇಕಿತ್ತು.”

ಮಾರನೆಯ ಸಂಜೆ ಆ ಮನೆಯಲ್ಲಿ ವಲಸಿಗರ ನೆರವಿಗೆಂದು ಔತಣ ನಡೆಯುವುದಿತ್ತು. ನಮ್ಮಂಥವರ ಸಂಕಟ ಅತಿಥಿಗಳಿಗೆ ನಾಲಿಗೆಯ ಮೂಲಕವಾದರೂ ತಿಳಿಯಲೆಂದು ಮಿಸೆಸ್ ಲೋರಿಂಗ್ ನಮ್ಮ ಕಡೆಯ ದನದ ಮೂಳೆಯ ಸಾರನ್ನು ಸ್ವಂತ ಕೈಯಿಂದ ಒಲೆಗಿಟ್ಟಿದ್ದರು. ಅದು ಎರಡು ದಿನ ಕುದಿಯಬೇಕಂತೆ. ಒಂದು ಚಮಚ ತಂದು ಖಿಯೆಮಣ್ಣನ ಮುಂದೆ ಹಿಡಿದರು.

“ಅಪ್ಪಟವಾಗಿದೆಯಾ?”

“ಉಪ್ಪು ಕಮ್ಮಿ,” ಎಂದ ಅವನು, ತನ್ನ ನಾಲ್ಕು ಇಂಗ್ಲಿಷ್ ಮಾತಿನಲ್ಲಿ ಎರಡನ್ನು ಅದಕ್ಕೇ ಖರ್ಚು ಮಾಡಿ. ಆಮೇಲೆ ನನ್ನ ಕಡೆ ತಿರುಗಿದ. “ನಾಕು ದಿನ ಕೊಡಿ ಅನ್ನು. ಬಿಸಿಗಾಳಿ ಬ್ಯಾಡ, ಯಾರೂ ತುಳೀಬಾರ್ದು. ಪೂರಾ ಒಣಗಿದ್ಮ್ಯಾಲೆ ತೆಳ್ಳಗೆ ಉಜ್ಜಿ ಇನ್ನೊಂದ್ಕೋಟು ಎಳುದ್ರೆ ಒಂದೇ ಸಮ ಆಯ್ತದೆ. ಬ್ಯಾರೆ ದಾರಿ ಇಲ್ಲ.”

ಬೇರೆ ದಾರಿ ಮಿಸೆಸ್ ಲೋರಿಂಗ್‌ಗೆ ಗೊತ್ತಿತ್ತು. ನಮ್ಮ ಮೇಸ್ತ್ರಿ ವಿನ್‌ಗೆ ಫೋನು ಮಾಡಿದರು. ಅವನೂ ನಮ್ಮ ಕೇರಿಯವನೇ. ಅರ್ಧ ಗಂಟೆಯಲ್ಲಿ ಬಂದು, ಅವರಿಗೆ ಸೊಂಟ ಬಗ್ಗಿಸಿ, ನಮ್ಮ ಕಡೆ ತಿರುಗುವಾಗ ನೆಟ್ಟಗಾದ. ವ್ಯಾನಿನಿಂದ ನಾಲ್ಕು ಡಬ್ಬಿ ಇಳಿಸಿದ. ಮುಚ್ಚಳದ ಮೇಲೆ ಉರಿಯುವ ಬೆಂಕಿಯ ಚಿತ್ರ.

“ಮ್ಯಾಲಿಂದು ಕೆರೆದಾಕಿ ಇದನ್ನ ಎಳೀರಿ. ಲ್ಯಾಕರ್. ಅರ್ಧ ಗಂಟೇಲಿ ಒಣಗ್ತದೆ.”

ಒಣಗುವುದು ನಿಜ. ಬಳಿಯುವಾಗ ಅದರ ಆವಿ ನೆಲ ಹಿಡಿದು ಹರಿದು, ಎಲ್ಲಿ ಉರಿ ಇದೆಯೋ ಹುಡುಕಿಕೊಂಡು ಹೋಗುವುದೂ ನಿಜ. ಎರಡು ವರ್ಷದ ಹಿಂದೆ ವಿನ್ ಕೊಟ್ಟ ಇಂಥದೇ ಡಬ್ಬಿ ಬಳಿಯುವಾಗ ಒಂದು ಮನೆ ಹೊತ್ತಿಕೊಂಡಿತ್ತು. ಖಿಯೆಮಣ್ಣನ ಭಾಮೈದ ಬಾವ್ ಕಿಟಕಿಯವರೆಗೂ ತಲುಪಿರಲಿಲ್ಲ.

“ಒಲೆ ಆರಿಸ್ಲಿ. ಬಳೀತೀನಿ,” ಎಂದ ಖಿಯೆಮಣ್ಣ.

“ಬಾಯ್ಮುಚ್ಕಂಡ್ ಬಳಿಯಲೇ, ಸೂಳೆಮಗನೆ. ನಿನ್ ಕಾಗದಪತ್ರ ಎಂಗವೆ ಅಂತ ನಂಗೊತ್ತಿಲ್ವಾ? ಒಂದು ಫೋನ್ ಮಾಡುದ್ರೆ ಸಾಕು, ಇಮಾನ ಹತ್ತುಸ್ತಾರೆ.”

ನಾನು ಒಲೆಯ ಮಾತನ್ನು ಮಿಸೆಸ್ ಲೋರಿಂಗ್‌ಗೆ ಮುಟ್ಟಿಸಿದೆ.

“ಆರಿಸೋದಾ? ಇನ್ನೂ ಇಡೀ ದಿನ ಕುದೀಬೇಕು! ಅಡುಗೆಮನೆ ಬಾಗಿಲು ಹಾಕ್ತೀನಿ, ಬಿಡಿ. ಆ ವಾಸನೆ ನನಗಾಗಲ್ಲ, ನಾನು ತಂಗಿ ಮನೇಲಿರ್ತೀನಿ.” ಕೋಟು ತೊಟ್ಟು, ಬೆಕ್ಕನ್ನು ಬುಟ್ಟಿಗೆ ಹಾಕಿಕೊಂಡರು. “ಇದನ್ನೂ ಕರ್ಕೊಂಡು ಹೋಗ್ತೀನಿ. ಪಾಪ, ಇದರ ಶ್ವಾಸಕೋಶ ಬಹಳ ಸೂಕ್ಷ್ಮ.”

ಖಿಯೆಮಣ್ಣ ಬೆಕ್ಕನ್ನು ಸ್ವಲ್ಪ ಹೊತ್ತು ನೋಡಿದ. ಜೇಬಿನಿಂದ ಫೋನು ತೆಗೆದು ತುರ್ತು ಸೇವೆಯ ಮೂರು ಅಂಕಿ ಒತ್ತಿದ.

“ಬೆಂಕಿ,” ಎಂದ ಇಂಗ್ಲಿಷಿನಲ್ಲಿ. “ಈಗಿಲ್ಲ. ಆಮೇಲೆ.” ಆ ಕಡೆಯವರು ಏನೋ ಕೇಳಿದರು. ಅವನು ಫೋನನ್ನು ನನ್ನ ಬಾಯಿಗೆ ಹಿಡಿದ. ನಾನು ಮನೆ ನಂಬರು ಹೇಳಿದೆ, ಡಬ್ಬಿ ಹೇಳಿದೆ, ಒಲೆ ಹೇಳಿದೆ.

“ಕಟ್ ಮಾಡ್ಲಾ, ಬೋಳಿಮಗನೆ!” ವಿನ್ ಮೇಲೆ ಬಿದ್ದ. ನಾನು ಅವನ ರಟ್ಟೆ ಹಿಡಿದೆ. ಬಿಡಲಿಲ್ಲ.

ಅಗ್ನಿಶಾಮಕದವರ ಕೆಂಪು ಗಾಡಿ ಬಂತು. ಆರು ಜನ ಬೂಟುಗಾಲಲ್ಲೇ ಹಸಿ ನೆಲ ತುಳಿದು ಅಡುಗೆಮನೆಗೆ ನುಗ್ಗಿ, ಸಾರಿನ ಕೆಳಗಿನ ಉರಿ ಆರಿಸಿದರು. ಹಾಳೆಯಲ್ಲಿಲ್ಲದ ಹದಿಮೂರನೆಯ ಕಾರಣವನ್ನು ಮಿಸೆಸ್ ಲೋರಿಂಗ್ ಕಣ್ಣಾರೆ ಕಂಡರು. ಡಬ್ಬಿಗಳನ್ನು ಹೊರಗೆ ಹಿಮದ ಮೇಲೆ ಸಾಲಾಗಿ ಇಟ್ಟ ಮೇಲೆ, ಅವರಲ್ಲಿ ದೊಡ್ಡವನು ಪುಸ್ತಕ ತೆರೆದ.

“ಕರೆ ಮಾಡಿದ್ದು ಯಾರು?”

“ಹೆಸರು ಹೇಳ್ಬ್ಯಾಡ ಕಣ್ಲಾ,” ಎಂದ ವಿನ್, ಈಗ ಮೆತ್ತಗೆ. “ಹೇಳುದ್ರೆ ನೀನು ಕೆಟ್ಟೆ.”

ಖಿಯೆಮಣ್ಣ ಒಂದು ಹೆಜ್ಜೆ ಮುಂದೆ ಬಂದು ಹೆಸರು ಹೇಳಿದ. ಮನೆತನದ ಹೆಸರನ್ನೂ ಸೇರಿಸಿ, ಒಂದೊಂದೇ ಅಕ್ಷರವಾಗಿ. ಅಧಿಕಾರಿ ಬರೆದದ್ದನ್ನು ಬಗ್ಗಿ ನೋಡಿ, ತಪ್ಪಾಗಿದ್ದ ಒಂದು ಅಕ್ಷರ ತಿದ್ದಿಸಿದ.

ಔತಣ ಮುಂದಕ್ಕೆ ಹೋಯಿತು. ಮಿಸೆಸ್ ಲೋರಿಂಗ್ ವಿನ್‌ನನ್ನು ಕ್ಷಮಿಸಿದರು. ಕ್ಷಮಿಸುವುದು ಅವರಿಗೆ ಹೊಸತಲ್ಲ. ನಮ್ಮನ್ನು ಕೇರಿಯಲ್ಲಿ ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಎಂಟನೆಯ ದಿನ ಬಸ್ಸಿನಿಂದ ಆ ಮನೆಯ ಮುಂದೆ ವಿನ್‌ನ ವ್ಯಾನು ಕಂಡಿತು. ಇಳಿದೆವು. ಕಿಟಕಿಯೊಳಗೆ ನಮ್ಮ ಕಡೆಯವರೇ ಇಬ್ಬರು, ಹೊಸಬರು, ಮಂಡಿಯೂರಿ ಬಳಿಯುತ್ತಿದ್ದರು. ಲ್ಯಾಕರ್ ವಾಸನೆ ರಸ್ತೆಗೇ ಬರುತ್ತಿತ್ತು, ಅದರ ಜೊತೆ ಕುದಿಯುವ ಸಾರಿನದೂ.

“ಅಣ್ಣ, ಬ್ಯಾಡ. ನಿನ್ನೆಸ್ರು ಬ್ಯಾರೆ ಬರ್ಕಂಡವ್ರೆ,” ಅಂದೆ.

“ಬರ್ಕಂಡಿರ್ಲಿ.”

ಅವನು ಮೆಟ್ಟಿಲ ಮೇಲೆ ನಿಂತು ಬಾಗಿಲನ್ನು ಮುಷ್ಟಿಯಿಂದ ಗುದ್ದತೊಡಗಿದ. ಒಳಗಿನ ಇಬ್ಬರೂ ಬ್ರಷ್ ಹಿಡಿದೇ ತಲೆಯೆತ್ತಿ ನೋಡಿದರು. ಯಾರೂ ತೆರೆಯಲಿಲ್ಲ. ಅವನು ಗುದ್ದುತ್ತಲೇ ಇದ್ದ.